ಚಿತ್ರವಿತರಣೆಯ ತೂಬು: ಮನೆಯ ಗೋಡೆಯವರೆಗೆ ದೂರದರ್ಶನದ ನಿಯಂತ್ರಣ

ಮಳೆ ಕಡಮೆಯಾದ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಸೀಮೆಯ ಬೇಸಾಯವು ಬಹುಕಾಲ ಕೆರೆಗಳನ್ನು ನಂಬಿಕೊಂಡಿತ್ತು. ಕೆರೆಯ ನೀರು ಎಷ್ಟು ಕಾಲುವೆಗಳಲ್ಲಿ ಹರಿದರೂ ತೂಬನ್ನು ತೆಗೆಯುವ, ಮುಚ್ಚುವ ಹೊಣೆ ನೀರಗಂಟಿಯದು. ತನ್ನ ಗದ್ದೆಯ ಮಡೆಯನ್ನು ಕಟ್ಟಲು, ಬಿಡಲು ರೈತನಿಗೆ ಅಧಿಕಾರವಿದ್ದರೂ ತೂಬು ಮುಚ್ಚಿರುವಾಗ ಆ ಅಧಿಕಾರದಿಂದ ಒಂದು ಹನಿ ನೀರೂ ಬಾರದು. ಆದುದರಿಂದ ಹಂಚಿಕೆಯ ಯಾವ ವ್ಯವಸ್ಥೆಯನ್ನು ವಿಚಾರಿಸುವಾಗಲೂ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕಾಗುತ್ತದೆ: ವಸ್ತುವು ಎಲ್ಲಿಯವರೆಗೆ ಹರಿಯುತ್ತದೆ? ಅದನ್ನು ಆರಿಸುವ ಕೈ ಎಲ್ಲಿದೆ? ದೂರದರ್ಶನದ ಚರಿತ್ರೆಯಲ್ಲಿ ಮೊದಲನೆಯ ಪ್ರಶ್ನೆಗೆ ದೊರೆತಷ್ಟು ಗಮನ ಎರಡನೆಯದಕ್ಕೆ ದೊರೆತಿಲ್ಲ. ಕರ್ನಾಟಕದ ಅನುಭವವನ್ನು ಆಧಾರವಾಗಿಟ್ಟುಕೊಂಡು, ಇಂದು ಮನೆಯ ಗೋಡೆಯ ಮೇಲೆ ಬಂದು ಕುಳಿತಿರುವ ಗುಂಡಿಫಲಕದವರೆಗೆ ಈ ಎರಡನೆಯ ಪ್ರಶ್ನೆಯನ್ನು ಹಿಂಬಾಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಪ್ರಸಾರದ ಮೂಲವೂ ಮನೆಯೊಳಗೆ ಇರಬಹುದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವುಂಟು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಿಂದಲೇ ೩೦ ವಾಟ್ ಶಕ್ತಿಯ ಪ್ರೇಷಕದ ಮೂಲಕ ಬಾನುಲಿ ಪ್ರಸಾರವನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ರೂಢಿಗೆ ಬಂದುದು ಆ ನಿಲಯದೊಡನೆ. ಬಾನುಲಿಯಲ್ಲಿ ಕೇಳುಗನಿಗೆ ಒಂದು ಸ್ವಾತಂತ್ರ್ಯವಿತ್ತು. ತಿರುಗಣೆಯನ್ನು ತಿರುಗಿಸಿ ಬೇರೊಂದು ನಿಲಯವನ್ನು ಹಿಡಿಯಬಹುದಾಗಿತ್ತು. ಕರ್ನಾಟಕಕ್ಕೆ ಚಿತ್ರಪ್ರಸಾರವು ಬಂದಾಗ ಈ ಸ್ವಾತಂತ್ರ್ಯವು ಅದರ ಜೊತೆಯಲ್ಲಿ ಬರಲಿಲ್ಲ.

೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರವರೆಗೆ ಅಮೆರಿಕದ ಎ.ಟಿ.ಎಸ್.-೬ ಉಪಗ್ರಹದ ನೆರವಿನಿಂದ ಭಾರತವು ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗವನ್ನು ನಡೆಸಿತು. 'ಸೈಟ್' ಎಂದು ಪ್ರಸಿದ್ಧವಾದ ಈ ಪ್ರಯೋಗವು ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳನ್ನು ತಲುಪಿತು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಇದಕ್ಕೆ ಸೇರಿದ್ದವು. ಸುಮಾರು ಹತ್ತು ಅಡಿ ವ್ಯಾಸದ, ತಂತಿಬಲೆಯಿಂದ ಮಾಡಿದ ಬೋಗುಣಿಯಾಕಾರದ ಆಂಟೆನಾದ ಮೂಲಕ ಸಂಕೇತವು ನೇರವಾಗಿ ಊರಿನ ಪೆಟ್ಟಿಗೆಗೆ ಇಳಿಯುತ್ತಿತ್ತು. ಇಡೀ ಊರಿಗೆ ಒಂದು ಪೆಟ್ಟಿಗೆ. ಅದನ್ನು ಹಾಕಿ ಆರಿಸುವುದಕ್ಕೆ ಗೊತ್ತುಮಾಡಿದ ಒಬ್ಬ ಪಾಲಕ. ಮೇಲಿನಿಂದ ಬರುತ್ತಿದ್ದ ಚಿತ್ರವಾಹಿನಿಯೂ ಒಂದೇ ಆದುದರಿಂದ ಹಿಂದಿ, ಒರಿಯಾ, ತೆಲುಗು, ಕನ್ನಡಗಳು ಪ್ರಸಾರದ ವೇಳೆಯನ್ನು ತಮ್ಮತಮ್ಮಲ್ಲಿ ಹಂಚಿಕೊಳ್ಳಬೇಕಾಗಿತ್ತು. ದಿನಕ್ಕೆ ಒಟ್ಟು ನಾಲ್ಕು ಗಂಟೆಯ ಪ್ರಸಾರ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರವರಿಗೆ. ತೂಬು ಅಹಮದಾಬಾದಿನ ಭೂಕೇಂದ್ರದಲ್ಲಿತ್ತು. ಹಳ್ಳಿಯಲ್ಲಿದ್ದುದು ಬರೀ ಮಡೆ. ಆದರೂ ಒಂದು ವಿಷಯವನ್ನು ಮರೆಯಬಾರದು. ಎಲ್ಲರೂ ಒಂದೇ ಚಿತ್ರವನ್ನು ಒಟ್ಟಿಗೆ ಕುಳಿತು ನೋಡುತ್ತಿದ್ದುದರಿಂದ ಆಯ್ಕೆಯ ಅಭಾವವು ಅಲ್ಲಿ ಎಲ್ಲರಿಗೂ ಸಮಾನವಾಗಿತ್ತು.

ಪ್ರಯೋಗವು ಮುಗಿದ ತರುವಾಯ ೧೯೭೭ರಲ್ಲಿ ಗುಲ್ಬರ್ಗಾದಲ್ಲಿಯೂ, ೧೯೮೧ರ ನವೆಂಬರ್ ೧ರಂದು ಬೆಂಗಳೂರಿನಲ್ಲಿಯೂ ದೂರದರ್ಶನದ ಕಾರ್ಯ ಆರಂಭವಾಯಿತು. ೧೯೮೨ರ ಏಷ್ಯನ್ ಕ್ರೀಡೆಗಳ ವರ್ಷದಲ್ಲಿ ಬಣ್ಣವೂ ಬಂದಿತು. ಸಾರ್ವಜನಿಕ ಸ್ಥಳದಲ್ಲಿದ್ದ ಪೆಟ್ಟಿಗೆಯು ಮನೆಯ ನಡುಮನೆಗೆ ಬಂದು ನೆಲೆಸಿತು. ಅದೇ ದಶಕದಲ್ಲಿ ವೀಡಿಯೋ ಕ್ಯಾಸೆಟ್ ಯಂತ್ರವು ಮನೆಗಳನ್ನು ಪ್ರವೇಶಿಸಿದುದು ಮೇಲ್ನೋಟಕ್ಕೆ ಸಣ್ಣ ಸಂಗತಿಯಾಗಿ ಕಂಡರೂ ನಮ್ಮ ವಿಷಯಕ್ಕೆ ಬಹು ಮುಖ್ಯವಾದುದು. ಆ ಯಂತ್ರವು ತನ್ನ ಚಿತ್ರವನ್ನು, ನಿಲಯವಿಲ್ಲದೆ ಖಾಲಿಯಿದ್ದ ಒಂದು ವಾಹಿನಿಯ ರೂಪದಲ್ಲಿ ಆಂಟೆನಾ ತಂತಿಗೆ ಸೇರಿಸಬಲ್ಲುದಾಗಿತ್ತು. ಆ ತಂತಿಯನ್ನು ಕವಲೊಡೆಸಿ ಇನ್ನೊಂದು ಕೋಣೆಗೆ ಎಳೆದರೆ ಮನೆಯೇ ಒಂದು ಪುಟ್ಟ ಪ್ರಸಾರನಿಲಯವಾಯಿತು. ಮನೆಯೊಳಗಿನ ಚಿತ್ರವಿತರಣೆಯ ಬೀಜವು ಇಲ್ಲಿದೆ.

ಕವಲೊಡೆಸುವ ಸ್ಪ್ಲಿಟರಿಗೂ ಒಂದು ಲೆಕ್ಕವುಂಟು. ಸಂಕೇತವನ್ನು ಎರಡಾಗಿ ಸೀಳಿದರೆ ಒಂದೊಂದು ಕವಲಿಗೆ ಅರ್ಧ ಶಕ್ತಿ ಮಾತ್ರ ದೊರೆಯುತ್ತದೆ. ಸಲಕರಣೆಯ ಸ್ವಂತ ನಷ್ಟವೂ ಸೇರಿ ಇದು ಸುಮಾರು ಮೂರೂವರೆ ಡೆಸಿಬೆಲ್. ನಾಲ್ಕಾಗಿ ಸೀಳಿದರೆ ಸುಮಾರು ಏಳು. ಕಡೆಯ ಕೋಣೆಯ ಪರದೆಯ ಮೇಲೆ ಮರಳು ಸುರಿದಂತೆ ಚುಕ್ಕೆಗಳು ಕಾಣಿಸುವುದಕ್ಕೆ ಇದು ಒಂದು ಕಾರಣ. ಕಾಲುವೆಯ ಕೊನೆಯ ಗದ್ದೆಯವನ ಪಾಡೂ ಇದೇ.

೧೯೯೦ರ ದಶಕದಲ್ಲಿ ಕೇಬಲ್ಲು ಬೀದಿಬೀದಿಗೂ ಹರಡಿತು. ೧೯೯೪ರಲ್ಲಿ ಕನ್ನಡದ ಉದಯ ಟಿ.ವಿ. ಆರಂಭವಾಯಿತು, ೧೯೯೫ರಲ್ಲಿ ಕೇಬಲ್ ಜಾಲಗಳ ನಿಯಂತ್ರಣಕ್ಕೆ ಸಂಸತ್ತು ಶಾಸನವನ್ನು ಮಾಡಿತು. ಈ ಕಾಲದ ಒಂದು ವೈಶಿಷ್ಟ್ಯವನ್ನು ವಿಶೇಷವಾಗಿ ಗುರುತಿಸಬೇಕು. ಸಾದೃಶ್ಯ ಪದ್ಧತಿಯ ಕೇಬಲ್ಲಿನಲ್ಲಿ ಹತ್ತಾರು ವಾಹಿನಿಗಳು ಏಕಕಾಲದಲ್ಲಿ ಒಂದೇ ತಂತಿಯಲ್ಲಿ ಹರಿಯುತ್ತಿದ್ದವು. ಆಯ್ಕೆಯ ಯಂತ್ರವು ಪ್ರತಿಯೊಂದು ಪೆಟ್ಟಿಗೆಯ ಒಳಗೇ ಇದ್ದಿತು. ನಡುಮನೆಯಲ್ಲಿ ಕ್ರಿಕೆಟ್ಟು, ಅಡಿಗೆಮನೆಯಲ್ಲಿ ಧಾರಾವಾಹಿ ಎಂಬ ವ್ಯವಸ್ಥೆಗೆ ಒಂದು ಅಗ್ಗದ ಸ್ಪ್ಲಿಟರು, ಕೆಲವು ಗಜ ತಂತಿ, ಇನ್ನೊಂದು ಪೆಟ್ಟಿಗೆ ಸಾಕಾಗಿದ್ದವು. ಆಯ್ಕೆಯ ಕೈ ಕೋಣೆಕೋಣೆಯಲ್ಲಿಯೂ ಇದ್ದ ಕಾಲ ಅದು.

೨೦೧೧ರಲ್ಲಿ ಆ ಶಾಸನಕ್ಕೆ ತಿದ್ದುಪಡಿಯಾಗಿ ಕೇಬಲ್ಲು ಅಂಕೀಯ ಪದ್ಧತಿಗೆ ಬದಲಾಗಬೇಕಾಯಿತು. ಬೆಂಗಳೂರು, ಮೈಸೂರುಗಳಿಗೆ ೨೦೧೩ರ ಮಾರ್ಚ್ ೩೧ನ್ನು ಗಡುವಾಗಿ ಗೊತ್ತುಪಡಿಸಲಾಯಿತು. ಚಿತ್ರದ ಸ್ಪಷ್ಟತೆ ಹೆಚ್ಚಿತು, ವಾಹಿನಿಗಳು ಹೆಚ್ಚಿದವು. ಆದರೆ ತಂತಿಯಲ್ಲಿ ಬರುವ ಗೂಢೀಕೃತ ಸಂಕೇತವನ್ನು ಬಿಡಿಸಲು ಸೆಟ್-ಟಾಪ್ ಪೆಟ್ಟಿಗೆ ಬೇಕು. ಸಾಮಾನ್ಯವಾದ ಅಂಥ ಪೆಟ್ಟಿಗೆಯು ಒಂದು ಕಾಲಕ್ಕೆ ಒಂದು ವಾಹಿನಿಯನ್ನು ಮಾತ್ರ ತೋರಿಸುತ್ತದೆ. ಅದರ ಆಚೆಗೆ ತಂತಿಯನ್ನು ಎಷ್ಟು ಕವಲೊಡೆಸಿದರೂ ಎಲ್ಲ ಕೋಣೆಗಳಿಗೂ ಹರಿಯುವುದು ಆ ಒಂದೇ ಚಿತ್ರ. ಎರಡನೆಯ ಕೋಣೆಗೆ ಸ್ವತಂತ್ರವಾದ ಆಯ್ಕೆ ಬೇಕಾದರೆ ಎರಡನೆಯ ಪೆಟ್ಟಿಗೆಗೆ ಹಣ ತೆರಬೇಕು. ವಾಹಿನಿಗಳ ಸಂಖ್ಯೆ ಏರಿದ ಕಾಲದಲ್ಲಿಯೇ ಮನೆಯೊಳಗಿನ ಆಯ್ಕೆಯು ಕೋಣೆಗಳಿಂದ ಮತ್ತೆ ನಡುಮನೆಗೆ ಹಿಂದಿರುಗಿತು.

ಗೋಡೆಯ ಗುಂಡಿಫಲಕದ ಪ್ರಯೋಜನವನ್ನು ಈ ಹಿನ್ನೆಲೆಯಲ್ಲಿ ತಿಳಿಯಬೇಕು. ದೂರದಿಂದ ನಿಯಂತ್ರಿಸುವ ಆಸೆ ಹಳೆಯದು. ಅಮೆರಿಕದ ಜೆನಿತ್ ಸಂಸ್ಥೆಯು ೧೯೫೦ರಲ್ಲಿ ತಂತಿಯ ಮೂಲಕ, ೧೯೫೫ರಲ್ಲಿ ಬೆಳಕಿನ ಮೂಲಕ, ೧೯೫೬ರಲ್ಲಿ ಶ್ರವಣಾತೀತ ಶಬ್ದದ ಮೂಲಕ ಕೆಲಸಮಾಡುವ ದೂರನಿಯಂತ್ರಕಗಳನ್ನು ಹೊರತಂದಿತು. ಅನಂತರ ಅವಕೆಂಪು ಕಿರಣವು ರೂಢಿಯಾಯಿತು. ಆ ಕಿರಣವು ಗೋಡೆಯನ್ನು ದಾಟಲಾರದು. ಮಲಗುವ ಕೋಣೆಯಿಂದ ಒತ್ತಿದ ಗುಂಡಿ ನಡುಮನೆಯ ಪೆಟ್ಟಿಗೆಗೆ ತಿಳಿಯದು. ಆದುದರಿಂದ ಗೋಡೆಯಲ್ಲಿ ಗುಂಡಿಗಳ ಫಲಕವನ್ನು ಹೂಡಿ, ಅಲ್ಲಿಂದ ಸಣ್ಣ ವೋಲ್ಟೇಜಿನ ತಂತಿಯನ್ನು ಕೇಂದ್ರನಿಯಂತ್ರಕಕ್ಕೆ ಎಳೆಯುವ ಪದ್ಧತಿ ಬೆಳೆಯಿತು. ಗುಂಡಿಯ ಆಜ್ಞೆಯನ್ನು ನಿಯಂತ್ರಕವು ಅರ್ಥಮಾಡಿಕೊಂಡು, ಪೆಟ್ಟಿಗೆಯ ಮುಂದೆ ಅಂಟಿಸಿದ ಸಣ್ಣ ದೀಪದಿಂದ ಅವಕೆಂಪು ಸಂಕೇತವನ್ನು ಹೊರಡಿಸುತ್ತದೆ. ಅಥವಾ ಹಲವು ಮೂಲಗಳಲ್ಲಿ ಯಾವುದು ಯಾವ ಕೋಣೆಗೆ ಹೋಗಬೇಕೆಂಬುದನ್ನು ಮ್ಯಾಟ್ರಿಕ್ಸ್ ಸ್ವಿಚ್ಚಿಗೆ ತಿಳಿಸುತ್ತದೆ.

ಇಲ್ಲಿ ತತ್ತ್ವದ ಒಂದು ಭೇದವಿದೆ. ನಾಲ್ಕು ಕೋಣೆಗಳಿಗೆ ನಾಲ್ಕು ಗುಂಡಿಫಲಕಗಳನ್ನು ಕೊಟ್ಟು ಮೂಲವನ್ನು ಒಂದೇ ಇಟ್ಟರೆ, ದೊರೆಯುವುದು ಆಜ್ಞೆ ಮಾಡುವ ಸಮಾನಾವಕಾಶ, ನೋಡುವುದರಲ್ಲಿ ಸ್ವಾತಂತ್ರ್ಯವಲ್ಲ. ಅಡಿಗೆಮನೆಯಲ್ಲಿ ಒತ್ತಿದ ಗುಂಡಿಯು ಅಜ್ಜನ ಕೋಣೆಯ ವಾರ್ತೆಯನ್ನು ಕಡಿದುಹಾಕುತ್ತದೆ. ಮೂಲಗಳೂ ನಾಲ್ಕಿದ್ದು ನಡುವೆ ಮ್ಯಾಟ್ರಿಕ್ಸ್ ಇದ್ದಾಗ ಮಾತ್ರ ಪ್ರತಿಯೊಂದು ಫಲಕವೂ ನಿಜವಾದ ಮಡೆಯಾಗುತ್ತದೆ. ಯಂತ್ರವನ್ನು ಅಳವಡಿಸುವವನು ಯಾವ ಫಲಕಕ್ಕೆ ಮೇಲುಗೈ ಕೊಡುತ್ತಾನೆಂಬುದು ಮನೆಯ ಯಜಮಾನಿಕೆಯ ಪ್ರಶ್ನೆಯೂ ಆಗುತ್ತದೆ. ಹಳೆಯ ಕಾಲದಲ್ಲಿ ತಿರುಗಣೆಯ ಹತ್ತಿರ ಕುಳಿತವರು ಯಾರೆಂಬುದರಿಂದ ತೀರ್ಮಾನವಾಗುತ್ತಿದ್ದುದು ಈಗ ಲಿಖಿತ ನಿಯಮವಾಗಿ ಗೋಡೆಯೊಳಗೆ ಸೇರಿಕೊಂಡಿದೆ. ಬಾಯಿಮಾತಿನಲ್ಲಿ ಜಗಳವಾಡಿ ಬದಲಾಯಿಸಬಹುದಾಗಿದ್ದುದನ್ನು ಬದಲಾಯಿಸಲು ಈಗ ತಂತ್ರಜ್ಞನೇ ಬರಬೇಕು.

ಮನೆಯವರ ಒಪ್ಪಂದವೂ ಕಡೆಯ ಮಾತಲ್ಲ. ೨೦೦೨ರ ಡಿಸೆಂಬರಿನಲ್ಲಿ ಪ್ರಕಟವಾದ ಎಚ್.ಡಿ.ಎಂ.ಐ. ಸಂಪರ್ಕಪದ್ಧತಿಯೊಡನೆ ಪ್ರತಿರಕ್ಷಣೆಯ ಒಂದು ಬೀಗವೂ ಬಂದಿತು. ಮೂಲಯಂತ್ರವು ಪರದೆಯನ್ನು ಮೊದಲು ಪರಿಚಯ ಕೇಳುತ್ತದೆ. ತಕ್ಕ ಉತ್ತರ ಬಾರದಿದ್ದರೆ ರಕ್ಷಿತವಾದ ಚಿತ್ರವನ್ನು ಬಿಡುವುದಿಲ್ಲ. ಮನೆ, ತಂತಿ, ಪರದೆಗಳೆಲ್ಲ ಒಬ್ಬರವೇ ಆಗಿದ್ದರೂ ಕೃತಿಸ್ವಾಮ್ಯವುಳ್ಳವರ ನೀರಗಂಟಿ ಆ ತಂತಿಯ ತುದಿಯಲ್ಲಿ ಕಾವಲು ಕುಳಿತಿರುತ್ತಾನೆ. ಅಂತರಜಾಲದ ಮೂಲಕ ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಚಿತ್ರವು ಹರಿಯುವ ಇಂದಿನ ಪದ್ಧತಿಯಲ್ಲಿ ಕೋಣೆಗಳ ನಡುವಣ ಜಗಳ ತೀರಿದೆ. ಆದರೆ ಯಾವ ಕೃತಿ ಎಷ್ಟು ದಿನ ಲಭ್ಯವಿರಬೇಕು, ಎಷ್ಟು ಪರದೆಗಳಲ್ಲಿ ಒಮ್ಮೆಗೆ ನೋಡಬಹುದು ಎಂಬುದು ದೂರದ ಸಂಸ್ಥೆಯ ಗಣಕದಲ್ಲಿ ನಿರ್ಣಯವಾಗುತ್ತದೆ.

೧೯೭೫ರ ಹಳ್ಳಿಯ ಪ್ರೇಕ್ಷಕನ ಕೈಯಲ್ಲಿ ಒಂದು ಗುಂಡಿಯೂ ಇರಲಿಲ್ಲ. ಇಂದಿನ ಗೃಹಸ್ಥನ ಗೋಡೆಯ ತುಂಬ ಗುಂಡಿಗಳಿವೆ. ಗುಂಡಿಗಳ ಎಣಿಕೆಯಿಂದಲೇ ಪ್ರಗತಿಯನ್ನು ಅಳೆಯುವ ಚರಿತ್ರೆಕಾರನು, ಸ್ಪ್ಲಿಟರಿನ ಕಾಲದಲ್ಲಿ ಅಡಿಗೆಮನೆಗೆ ದೊರೆತು ಸೆಟ್-ಟಾಪ್ ಪೆಟ್ಟಿಗೆಯ ಕಾಲದಲ್ಲಿ ಕೈತಪ್ಪಿದ ಆಯ್ಕೆಯನ್ನು ಕಾಣಲಾರನು. ಶಾಸನಗಳೂ ಉದ್ಘಾಟನೆಗಳೂ ದಾಖಲೆಯಲ್ಲಿ ಉಳಿಯುತ್ತವೆ. ಮನೆಯೊಳಗಿನ ತಂತಿಯ ಜಾಡು ಗೋಡೆಗೆ ಸುಣ್ಣ ಬಳಿದಾಗ ಮರೆಯಾಗುತ್ತದೆ. ತಮ್ಮ ತಮ್ಮ ಊರುಗಳ ಹಳೆಯ ಕೇಬಲ್ ಕೆಲಸಗಾರರನ್ನೂ ಮನೆಯ ಹೆಂಗಸರನ್ನೂ ವಿಚಾರಿಸಿ, ಆಯ್ಕೆಯ ಕೈ ಯಾವಾಗ ಎಲ್ಲಿತ್ತೆಂಬುದನ್ನು ವಿದ್ಯಾರ್ಥಿಗಳು ಬರೆದಿಡುವುದಾದರೆ, ಕರ್ನಾಟಕದ ದೂರದರ್ಶನದ ಚರಿತ್ರೆಗೆ ಈಗ ಇಲ್ಲದಿರುವ ಅಧ್ಯಾಯವೊಂದು ಸೇರುವುದು.