ದುರಂತ ನಾಯಕ: ಕನ್ನಡ ನಾಟಕದಲ್ಲಿ

ರುದ್ರನಾಟಕದ ಮುಖ್ಯ ಪಾತ್ರ. ತನ್ನ ನಡೆಯಿಂದಲೇ ತನ್ನ ಅಳಿವನ್ನು ತಂದುಕೊಳ್ಳುವ ದೊಡ್ಡ ಮನುಷ್ಯ. ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಅರಿಸ್ಟಾಟಲ್ ಈ ನಾಯಕನ ತಪ್ಪನ್ನು 'ಹಮಾರ್ತಿಯ' ಎಂದು ಕರೆದ. ಗುರಿ ತಪ್ಪುವುದು ಎಂಬುದು ಆ ಪದದ ಮೂಲಾರ್ಥ. ಅದನ್ನು ದೋಷ, ಪ್ರಮಾದ ಎಂದೆಲ್ಲ ಕನ್ನಡಿಸಬಹುದು. ಆದರೆ ನಮ್ಮ ದುರಂತ ನಾಯಕರಿಗೆ ಇವೆರಡಕ್ಕಿಂತ ಚೆನ್ನಾಗಿ ಒಪ್ಪುವ ಮಾತು 'ಛಲ'. ಛಲವಿರುವ ಮಗುವನ್ನು ಮನೆಯವರು ಮೆಚ್ಚುತ್ತಾರೆ, ಅದೇ ಬಾಯಲ್ಲಿ ಗದರುತ್ತಾರೆ.

ಈ ಛಲದ ಮೊದಲ ದೊಡ್ಡ ಚಿತ್ರ ನಾಟಕದ್ದಲ್ಲ, ಕಾವ್ಯದ್ದು. ಮುಧೋಳದ ಬಳೆಗಾರರ ಮನೆತನದ ರನ್ನ 10ನೇ ಶತಮಾನದ ಕೊನೆಯ ಹೊತ್ತಿಗೆ ಬರೆದ 'ಗದಾಯುದ್ಧ'ದ ನಾಯಕ ಭೀಮ. ಓದುಗರ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ. ದುಶ್ಶಾಸನನೂ ಕರ್ಣನೂ ಸತ್ತ ಮೇಲೆ ಅವನಿಗೆ ನೆಲದ ಆಸೆ ಹಿಂಗಿದೆ. ಹೆತ್ತವರು ಸಂಧಿಗೆ ಬೇಡಿಕೊಂಡರೂ ಒಪ್ಪುವುದಿಲ್ಲ. ಹೆಣಗಳ ನಡುವೆ ನಡೆಯುತ್ತ ಶತ್ರುಪಕ್ಷದ ಅಭಿಮನ್ಯುವಿನ ಶೌರ್ಯಕ್ಕೂ ತಲೆಬಾಗುತ್ತಾನೆ. ಭೀಷ್ಮರ ಮಾತಿನಂತೆ ಅಂದೊಂದು ದಿನ ವೈಶಂಪಾಯನ ಸರೋವರದಲ್ಲಿ ಅಡಗಿದ್ದರೆ ಸಾಕಿತ್ತು. ಭೀಮನ ಮೂದಲಿಕೆ ಕಿವಿಗೆ ಬಿದ್ದದ್ದೇ ತಡ, ಮೇಲೆದ್ದು ಬರುತ್ತಾನೆ.

ಸಂಸ್ಕೃತ ನಾಟಕದ ಸಂಪ್ರದಾಯ ದುರಂತಕ್ಕೆ ಒಲಿದದ್ದಲ್ಲ. ಭಾಸನದೆನ್ನಲಾದ 'ಊರುಭಂಗ' ಅಪರೂಪದ ಅಪವಾದ. ಹೀಗಾಗಿ ಬಿ.ಎಂ. ಶ್ರೀಕಂಠಯ್ಯನವರು ರನ್ನನನ್ನೂ ಗ್ರೀಕರನ್ನೂ ಒಟ್ಟಿಗೆ ನೆಚ್ಚಿದರು. 1926ರಲ್ಲಿ 'ಗದಾಯುದ್ಧ ನಾಟಕಂ' ಬಂತು. 1929ರ 'ಅಶ್ವತ್ಥಾಮನ್' ಇನ್ನೂ ದಿಟ್ಟ ಹೆಜ್ಜೆ: ಸೋಫೊಕ್ಲಿಸನ 'ಅಯಾಸ್' ನಾಟಕದ ಅಚ್ಚಿನಲ್ಲಿ, ಚಿರಂಜೀವಿಯೆಂದು ನಾವು ನಂಬಿದ ಅಶ್ವತ್ಥಾಮ ತನ್ನ ಪ್ರಾಣವನ್ನು ತಾನೇ ತೆಗೆದುಕೊಳ್ಳುತ್ತಾನೆ. ಪುರಾಣವನ್ನು ಹೀಗೆ ಮುರಿಯಬಹುದೇ ಎಂಬ ಆಕ್ಷೇಪ ಎದ್ದಿತು. ಮುರಿದದ್ದೇ ಸರಿ ಎನ್ನಬೇಕು. ಸಾವೇ ಬಾರದವನಿಗೆ ಮಾನಕ್ಕಾಗಿ ಸಾಯುವ ದಾರಿಯೂ ಇರುವುದಿಲ್ಲ.

ಕುವೆಂಪು 'ರಕ್ತಾಕ್ಷಿ'ಯಲ್ಲಿ ಹ್ಯಾಮ್ಲೆಟ್‌ನನ್ನು ಬಿದನೂರಿಗೆ ಕರೆತಂದರು. ಸಂಸ 'ವಿಗಡ ವಿಕ್ರಮರಾಯ'ದಲ್ಲಿ ಅರಸನಿಗೆ ವಿಷವಿಕ್ಕಿದ ಮೈಸೂರಿನ ದಳವಾಯಿಯನ್ನೇ ನಡುವೆ ನಿಲ್ಲಿಸಿದರು.

1970ರ ದಶಕದ ಆರಂಭದಲ್ಲಿ ಪಿ. ಲಂಕೇಶರ ಅನುವಾದದ 'ಈಡಿಪಸ್' ಅನ್ನು ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ಆಡಿಸಿದವರು ಬಿ.ವಿ. ಕಾರಂತರು. ದೊರೆಯ ಪಾತ್ರ ಗಿರೀಶ ಕಾರ್ನಾಡರದು. ಒಗಟು ಬಿಡಿಸಿ ಊರನ್ನು ಕಾಪಾಡಿದ ಈಡಿಪಸ್‌ನ ಬುದ್ಧಿ, ಕೆದಕಿ ಕೆದಕಿ ಕೊನೆಗೆ ತನ್ನ ಹುಟ್ಟಿನ ಗುಟ್ಟನ್ನೇ ಹೊರಗೆಳೆಯುತ್ತದೆ.

ಆ ಪಾತ್ರಕ್ಕೆ ಬಣ್ಣ ಹಚ್ಚುವ ಎಷ್ಟೋ ಮೊದಲೇ ಕಾರ್ನಾಡರು 'ತುಘಲಕ್' (1964) ಬರೆದಿದ್ದರು. ಹಿಂದೂ ಮುಸ್ಲಿಮರಿಗೆ ಸಮಾನ ನ್ಯಾಯ, ದೌಲತಾಬಾದಿಗೆ ರಾಜಧಾನಿ, ತಾಮ್ರದ ನಾಣ್ಯ: ಸುಲ್ತಾನ ಮಹಮ್ಮದ್ ತುಘಲಕನ ಕನಸುಗಳಲ್ಲಿ ಕೆಟ್ಟದ್ದು ಯಾವುದೂ ಇಲ್ಲ. ಜನ ತನ್ನಷ್ಟೇ ಬೇಗ ನಡೆಯಲಿ ಎಂಬ ಆತುರ ಮಾತ್ರ ಅವನನ್ನು ಕೊಲೆಗಡುಕನನ್ನಾಗಿ ಮಾಡುತ್ತದೆ. ತನ್ನನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಕೊಲ್ಲುವ ಸಂಚು ಬಯಲಾದಾಗ ಅವನು ಪ್ರಾರ್ಥನೆಯನ್ನೇ ನಿಷೇಧಿಸುತ್ತಾನೆ. ಮುಂದೆ ನಿಷೇಧ ತೆಗೆದ ದಿನ ಬಾಂಗು ಕೇಳಿಸುವಾಗ ಸಿಂಹಾಸನದ ಮೇಲೆ ನಿದ್ದೆಹೋಗಿರುತ್ತಾನೆ. ಕನ್ನಡ ರಂಗದಲ್ಲಿ ಸಿ.ಆರ್. ಸಿಂಹ ಈ ಪಾತ್ರದಿಂದಲೇ ಮನೆಮಾತಾದರು.

ಕಾರ್ನಾಡರ ಕಡೆಯ ನಾಟಕ 'ರಾಕ್ಷಸ ತಂಗಡಿ'ಯಲ್ಲಿ (2018) ಈ ಸಾಲಿಗೆ ವಿಜಯನಗರದ ಅಳಿಯ ರಾಮರಾಯ ಸೇರಿದ. ಸಿಂಹಾಸನದ ಮೇಲೆ ಸದಾಶಿವರಾಯ, ಅಧಿಕಾರವೆಲ್ಲ ಅಳಿಯನದು. ಕೃಷ್ಣದೇವರಾಯನ ಮಗಳ ಗಂಡ, ಆದರೂ ರಾಜವಂಶದವನಲ್ಲ. ಆ ಕೊರತೆಯನ್ನು ತುಂಬಿಕೊಳ್ಳಲು ಸುಲ್ತಾನರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುತ್ತ ಹೋದ ಜಾಣ, 1565ರ ಜನವರಿಯಲ್ಲಿ ಅವರೆಲ್ಲ ಒಂದಾಗಿ ಬಂದಾಗ, ಮುದಿವಯಸ್ಸಿನಲ್ಲೂ ತಾನೇ ರಣಕ್ಕಿಳಿದ.