ಒಂದೇ ಸೀಟು, ಇಬ್ಬರು ಗಿರಾಕಿ

ಮೈಸೂರು ರಸ್ತೆಗೆ ಹೊರವರ್ತುಲ ರಸ್ತೆ ಬಂದು ಸೇರುವ ನಮ್ಮ ನಾಯಂಡಹಳ್ಳಿಯಲ್ಲಿ ನಲ್ಲಿ, ಪೈಪು ಮಾರುವ ಗೆಳೆಯನೊಬ್ಬನಿದ್ದಾನೆ. ಕಳೆದ ವರ್ಷ ದುಡ್ಡು ಸುರಿದು ವೆಬ್‌ಸೈಟ್ ಮಾಡಿಸಿದ. ಮೊದಲ ತಿಂಗಳಲ್ಲೇ ಎಡವಟ್ಟು! ಬೆಳಿಗ್ಗೆ ಅಂಗಡಿಯಲ್ಲಿ ಮಾರಿ ಮುಗಿಸಿದ್ದ ಮೋಟಾರಿಗೆ ಮಧ್ಯಾಹ್ನ ಸೈಟಿನಲ್ಲಿ ಆರ್ಡರ್ ಬಂತು. ದುಡ್ಡು ವಾಪಸ್ ಕೊಟ್ಟು ಬೈಸಿಕೊಂಡ. "ಸೈಟು ಚೆನ್ನಾಗೇ ಇದೆ ಗುರು, ಆದ್ರೆ ಅದಕ್ಕೆ ನನ್ನ ಗೋಡೌನ್ ಗೊತ್ತೇ ಇಲ್ಲ" ಅಂದ.

ಅವನು ಒಂದೇ ಸಾಲಿನಲ್ಲಿ ಹೇಳಿದ್ದು ವೆಬ್ ವ್ಯಾಪಾರದ ಅರ್ಧ ಇತಿಹಾಸ.

ವೆಬ್ ಹುಟ್ಟಿದ್ದು ವ್ಯಾಪಾರಕ್ಕಲ್ಲ, ಕಾಗದಪತ್ರ ಓದುವುದಕ್ಕೆ. ಅದರ ಎಚ್‌ಟಿಟಿಪಿಗೆ ನೆನಪಿನ ಶಕ್ತಿಯೇ ಇಲ್ಲ. ಒಂದು ಪುಟ ಕೊಟ್ಟ ಮೇಲೆ ಕೇಳಿದವರು ಯಾರೆಂದು ಮರೆತುಬಿಡುತ್ತದೆ. ಇಂಥ ಮರೆಗುಳಿ ಅಂಗಡಿಯಲ್ಲಿ ಬುಟ್ಟಿಗೆ ಸಾಮಾನು ತುಂಬುವುದು ಹೇಗೆ? 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮಾಂಟುಲಿ 'ಕುಕಿ' ತಂದದ್ದು ಇದಕ್ಕೇ. ಕಾರ್ಡ್ ನಂಬರು ದಾರಿಯಲ್ಲಿ ಕದಿಯದಂತೆ 1995ರಲ್ಲಿ ಅದೇ ಕಂಪನಿ ಎಸ್‌ಎಸ್‌ಎಲ್ ತಂದಿತು. ನೆನಪು ಬಂತು, ಬೀಗವೂ ಬಂತು. ಉಳಿದದ್ದು ಗೋಡೌನು.

1999ರಲ್ಲಿ ಬೆಂಗಳೂರಿನಲ್ಲಿ ಫ್ಯಾಬ್‌ಮಾರ್ಟ್ ಶುರುವಾದಾಗ ಮೊದಲು ಮಾರಿದ್ದು ಸಂಗೀತ. ಕ್ಯಾಸೆಟ್ಟು, ಸಿ.ಡಿ. ಕೊಳೆಯುವುದಿಲ್ಲ, ಅಳತೆ ತಪ್ಪುವುದಿಲ್ಲ, ಪೋಸ್ಟಿನಲ್ಲಿ ಕಳಿಸಬಹುದು. ಆದರೆ ಆಗ ಡಯಲ್-ಅಪ್ ಕಾಲ, ಕ್ರೆಡಿಟ್ ಕಾರ್ಡ್ ಇದ್ದವರು ಕಡಿಮೆ. ತಂತ್ರಜ್ಞಾನವಿತ್ತು, ಗಿರಾಕಿ ಇರಲಿಲ್ಲ. ಅದೇ ತಂಡ ಆಮೇಲೆ ಫ್ಯಾಬ್‌ಮಾಲ್ ಹೆಸರಿನಲ್ಲಿ ಬೀದಿಯಲ್ಲೇ ದಿನಸಿ ಅಂಗಡಿ ತೆರೆಯಿತು. ಆನ್‌ಲೈನ್ ಭಾಗ ಇಂಡಿಯಾಪ್ಲಾಜಾ ಆಗಿ 2013ರಲ್ಲಿ ಮುಚ್ಚಿತು. ಆ ಅಂಗಡಿಗಳಲ್ಲಿ ದಾಸ್ತಾನು, ಸರಬರಾಜಿನ ಪಾಠ ಕಲಿತ ಹರಿ ಮೆನನ್ ಮತ್ತು ಜೊತೆಗಾರರು 2011ರಲ್ಲಿ ಬಿಗ್‌ಬ್ಯಾಸ್ಕೆಟ್ ಕಟ್ಟಿದರು.

ನನಗೆ ಇದಕ್ಕಿಂತ ಹತ್ತಿರದ ಕಥೆ ಬಸ್ಸಿನದು. 2005ರ ದೀಪಾವಳಿಗೆ ಊರಿಗೆ ಹೋಗಲು ಬೆಂಗಳೂರಿನಲ್ಲಿ ಟಿಕೆಟ್ ಸಿಗದೆ ಒದ್ದಾಡಿದ ಇಂಜಿನಿಯರ್ ಫಣೀಂದ್ರ ಸಾಮ, ಗೆಳೆಯರ ಜೊತೆ 2006ರಲ್ಲಿ ರೆಡ್‌ಬಸ್ ಆರಂಭಿಸಿದರು. ಸಮಸ್ಯೆ ಸೀಟಿನದಲ್ಲ, ಮಾಹಿತಿಯದು. ಯಾವ ಬಸ್ಸಿನಲ್ಲಿ ಎಷ್ಟು ಸೀಟು ಖಾಲಿ ಎನ್ನುವುದು ಮಾಲೀಕರ ಚಾರ್ಟಿನಲ್ಲಿತ್ತು. ಏಜೆಂಟ್ ಫೋನ್ ಮಾಡಿ ಕೇಳಬೇಕು, ಅವರು ಪೆನ್ನಿನಲ್ಲಿ ಗುರುತು ಹಾಕಬೇಕು. ಆರಂಭದಲ್ಲಿ ಮಾಲೀಕರು ಕೆಲವೇ ಸೀಟುಗಳನ್ನು ಇವರ ಪಾಲಿಗೆ ಬಿಟ್ಟುಕೊಟ್ಟರು. ಆಮೇಲೆ ಮಾಲೀಕರಿಗೇ 'ಬಾಸ್' ಎಂಬ ತಂತ್ರಾಂಶ ಕೊಟ್ಟರು. ಆಗ ಕಾಗದದ ಚಾರ್ಟೇ ಕಂಪ್ಯೂಟರಿಗೆ ಬಂತು. ಕೌಂಟರಿನಲ್ಲಿ ಮಾರಲಿ, ವೆಬ್‌ನಲ್ಲಿ ಮಾರಲಿ, ಲೆಕ್ಕ ಒಂದೇ ಕಡೆ.

ಇಲ್ಲಿರುವ ಉಪಾಯ ಸರಳ. ಇಬ್ಬರು ಒಂದೇ ಕ್ಷಣಕ್ಕೆ ಹದಿನಾಲ್ಕನೇ ಸೀಟು ಒತ್ತಿದರೆ, ಡೇಟಾಬೇಸ್ ಮೊದಲು ಬಂದವರಿಗೆ ಅದನ್ನು ಕೆಲವು ನಿಮಿಷ ಹಿಡಿದಿಡುತ್ತದೆ. ದುಡ್ಡು ಬಂದರೆ ಟಿಕೆಟ್, ಬರದಿದ್ದರೆ ಸೀಟು ಮತ್ತೆ ಖಾಲಿ. ನಮ್ಮ ಅಜ್ಜ ಕರ್ಚೀಫು ಹಾಕಿ ಸೀಟು ಹಿಡಿಯುತ್ತಿದ್ದರಲ್ಲ, ಅದೇ!

ದುಡ್ಡಿನ ದಾರಿ ನಿಧಾನಕ್ಕೆ ಸಲೀಸಾಯಿತು. 2000ದ ಐಟಿ ಕಾಯ್ದೆ ವಿದ್ಯುನ್ಮಾನ ದಾಖಲೆಗೆ ಕಾನೂನಿನ ಮಾನ್ಯತೆ ಕೊಟ್ಟಿತು. 2009ರಲ್ಲಿ ರಿಸರ್ವ್ ಬ್ಯಾಂಕ್ ಆನ್‌ಲೈನ್ ಕಾರ್ಡ್ ವ್ಯವಹಾರಕ್ಕೆ ಎರಡನೇ ಪರಿಶೀಲನೆ ಕಡ್ಡಾಯ ಮಾಡಿತು. 2010ರಲ್ಲಿ ನಮ್ಮೂರಿನದೇ ಫ್ಲಿಪ್‌ಕಾರ್ಟ್ ಸಾಮಾನು ಕೈಗೆ ಬಂದ ಮೇಲೆ ದುಡ್ಡು ಎಂದಿತು. 2016ರಲ್ಲಿ ಯುಪಿಐ ಬಂತು. ಈಗ ಸೊಪ್ಪಿನ ಗಾಡಿಯಲ್ಲೂ ಕ್ಯೂಆರ್ ಕೋಡ್ ನೇತಾಡುತ್ತದೆ.

ಗೆಳೆಯನಿಗೆ ನಾನು ಹೇಳಿದ್ದು ಇಷ್ಟೇ: ಸೈಟಿನ ಬಣ್ಣ ಆಮೇಲೆ ನೋಡೋಣ, ಮೊದಲು ನಿನ್ನ ಬಿಲ್ ಪುಸ್ತಕವನ್ನು ಕಂಪ್ಯೂಟರಿಗೆ ತಾ. ಅಂಗಡಿಗೂ ಸೈಟಿಗೂ ಒಂದೇ ದಾಸ್ತಾನು ಪಟ್ಟಿ ಇರಲಿ. ಅವನೀಗ ಮಗಳನ್ನು ಕೂರಿಸಿಕೊಂಡು ಬೋಲ್ಟು, ನಟ್ಟು ಎಣಿಸುತ್ತಿದ್ದಾನೆ. "ಇಷ್ಟು ವರ್ಷದಲ್ಲಿ ನನ್ನ ಅಂಗಡೀಲಿ ಏನೇನಿದೆ ಅಂತ ಈಗ್ಲೇ ಗೊತ್ತಾಗಿದ್ದು" ಅಂತ ನಗುತ್ತಾನೆ.

ಸೈಟು ಇನ್ನೂ ತೆರೆದಿಲ್ಲ. ಆದರೆ ಈ ಸಲ ತೆರೆದರೆ ಉಳಿಯುತ್ತದೆ ಅಂತ ನನ್ನ ನಂಬಿಕೆ. ನೀವೇನಂತೀರಿ?