ಮುತ್ಯಾನ ತೋಳಿನ ಪಟ್ಟಿ, ನಿಜಾಮರ ಸಾವಿರ ಪೌಂಡು

ಇವತ್ತು ನಮ್ಮ ಬಗದಲ್‌ನಿಂದಲೇ ಕಥೆ ಶುರು ಮಾಡ್ತೀನಿ.

ನಮ್ಮ ಮುತ್ಯಾಗೆ ಹರ್ನಿಯಾ ಆಪರೇಷನ್ ಆಯ್ತು. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರಿಂದ ಎಚ್ಚರವಾಗೇ ಇದ್ದರು. ಆಮೇಲೆ ಅವರು ಹೇಳಿದ್ದು ಇಷ್ಟೇ: "ಕೊಯ್ದಿದ್ದು ಗೊತ್ತಾಗಲಿಲ್ಲೋ ತಮ್ಮಾ, ತೋಳಿಗೆ ಕಟ್ಟಿದ್ದ ಪಟ್ಟಿ ಮಾತ್ರ ಗಳಿಗಿಗೊಮ್ಮೆ ಹಿಂಡತಿತ್ತು."

ಹಾಗೆ ಹಿಂಡೋದು ಯಾಕೆ? ಉತ್ತರ ಹುಡುಕಿದ್ರೆ ಹೈದರಾಬಾದ್‌ಗೆ ಹೋಗಬೇಕು. ಆಗ ಬೀದರ್ ನಿಜಾಮರ ರಾಜ್ಯದಲ್ಲೇ ಇತ್ತು.

ಕ್ಲೋರೋಫಾರ್ಮ್ ಕೊಟ್ಟಾಗ ಕೆಲವರು ಮೇಜಿನ ಮೇಲೇ ಸಾಯ್ತಿದ್ದರು. ಮೊದಲು ನಿಲ್ಲೋದು ಉಸಿರಾ, ಹೃದಯವಾ? ಉಸಿರೇ ಅಂತ ಹೈದರಾಬಾದಿನ ವೈದ್ಯ ಎಡ್ವರ್ಡ್ ಲಾರಿ ಹಟ ಹಿಡಿದರು. 1888ರಲ್ಲಿ ಒಂದು ಆಯೋಗ ಪ್ರಯೋಗ ಮಾಡಿತು. ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆ ಒಪ್ಪಲಿಲ್ಲ. ಆಗ ನಿಜಾಮ ಮಹಬೂಬ್ ಅಲಿ ಖಾನ್ 1000 ಪೌಂಡು ಕೊಟ್ಟು, 1889ರಲ್ಲಿ ಲಾಡರ್ ಬ್ರಂಟನ್ ಅವರನ್ನ ಕರೆಸಿದರು. ನೂರಾರು ಪ್ರಾಣಿಗಳ ರಕ್ತನಾಳಕ್ಕೆ ಕೊಳವೆ ಜೋಡಿಸಿ, ತಿರುಗೋ ಡ್ರಮ್ ಮೇಲೆ ರಕ್ತದೊತ್ತಡದ ಗೆರೆ ಬರೆಸಿದರು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ವೈದ್ಯರಲ್ಲಿ ಒಬ್ಬರಾದ ರೂಪಾಬಾಯಿ ಫರ್ದೂನ್‌ಜಿ ಕೂಡ ಆ ಕಾಲದಲ್ಲಿ ಅಲ್ಲೇ ಕೆಲಸ ಮಾಡಿದವರು.

ಅಳತೆಯೇನೋ ಸರಿ ಇತ್ತು, ತೀರ್ಮಾನ ಎಡವಿತು. ಒತ್ತಡ ಇಳಿಯೋದು ಅದರಷ್ಟಕ್ಕೆ ಅಪಾಯ ಅಲ್ಲ, ಉಸಿರು ನೋಡಿಕೊಂಡರೆ ಸಾಕು ಅಂದರು. ಕ್ಲೋರೋಫಾರ್ಮ್ ಹೃದಯದ ಲಯವನ್ನೇ ಕೆಡಿಸಿ ಕೊಲ್ಲಬಲ್ಲದು ಅಂತ 1911ರಲ್ಲಿ ಲೆವಿ ತೋರಿಸಿದರು.

ಅಷ್ಟರಲ್ಲಿ ತೋಳಿನ ಪಟ್ಟಿ ಬಂದಿತ್ತು. ಇಟಲಿಯ ರೀವಾ-ರೋಚಿ 1896ರಲ್ಲಿ ಮಾಡಿದ್ದನ್ನ, 1901ರಲ್ಲಿ ಅಮೆರಿಕದ ಹಾರ್ವಿ ಕುಶಿಂಗ್ ಪಾವಿಯಾದಲ್ಲಿ ನೋಡಿ ತಮ್ಮ ಆಪರೇಷನ್ ಕೋಣೆಗೆ ಒಯ್ದರು. ಈಗ ಕನಿಷ್ಠ 5 ನಿಮಿಷಕ್ಕೊಮ್ಮೆ ಬಿಪಿ ನೋಡೋದು ರೂಢಿ. ದೊಡ್ಡ ಆಪರೇಷನ್ ಆದರೆ ಮಣಿಕಟ್ಟಿನ ರಕ್ತನಾಳಕ್ಕೇ ಸಣ್ಣ ಕೊಳವೆ ಹಾಕಿ, ಪ್ರತಿ ಬಡಿತದ ಒತ್ತಡ ನೋಡ್ತಾರೆ. ಸರಾಸರಿ ಒತ್ತಡ 65ಕ್ಕಿಂತ ಕೆಳಗೆ ಹೆಚ್ಚು ಹೊತ್ತು ಇದ್ದರೆ ಕಿಡ್ನಿ, ಹೃದಯಕ್ಕೆ ಪೆಟ್ಟು. ಬೆನ್ನಿನ ಇಂಜೆಕ್ಷನ್‌ನಿಂದಲೂ ಬಿಪಿ ಇಳಿಯುತ್ತೆ. ಅದು ಕಂಡ ಕೂಡಲೇ ಡ್ರಿಪ್ಪು, ಔಷಧಿ ಕೊಟ್ಟು ಮೇಲೆತ್ತುತ್ತಾರೆ.

ಮಷಿನ್ ಅಂಕಿ ಕೊಡುತ್ತೆ, ಅರ್ಥ ಮಾಡಿಕೊಳ್ಳಬೇಕಾದವರು ಮನುಷ್ಯರೇ. ಹೈದರಾಬಾದ್ ಕಲಿಸಿದ ಪಾಠ ಇದು.

ನಿಮ್ಮ ಮನೆಯ ಹಿರಿಯರಿಗೆ ಆಪರೇಷನ್ ಇದ್ದರೆ ಒಂದು ಕೆಲಸ ಮಾಡಿ: ಅವರು ನುಂಗೋ ಬಿಪಿ ಗುಳಿಗೆಗಳ ಫೋಟೋ ತೆಗೆದು ಅರಿವಳಿಕೆ ಡಾಕ್ಟರಿಗೆ ತೋರಿಸಿ. ಯಾವುದನ್ನ ನಿಲ್ಲಿಸಬೇಕು, ಯಾವುದನ್ನ ಬಿಡಬಾರದು ಅಂತ ಅವರೇ ಹೇಳಲಿ.